ಲಾಕ್‌ಡೌನ್ ದಿನಗಳ ಚಿತ್ರದ ಕಡತ: ಶುರು ಮಾಡಿ ಅರ್ಧಕ್ಕೆ ಬಿಟ್ಟವರಿಗೆ ಹಂತ ಹಂತದ ಮಾರ್ಗದರ್ಶಿ

ಉಡುಪಿಯ ನಮ್ಮ ಮನೆ ಚಾವಡಿಯಲ್ಲಿ ಭಾನುವಾರ ಕೆಲವರು ಚಿತ್ರ ಬಿಡಿಸಲು ಸೇರುತ್ತೇವೆ. ಕೊರೊನಾ ದಿನಗಳ ಬಗ್ಗೆ ಏನಾದರೂ ಮಾಡಬೇಕು ಅಂತ ಅವರಲ್ಲಿ ಎಷ್ಟೋ ಜನ ಕೂತಿದ್ದಾರೆ, ಎಷ್ಟೋ ಜನ ಅರ್ಧಕ್ಕೇ ಎದ್ದಿದ್ದಾರೆ. ಎಡವುವ ಜಾಗ ಹೆಚ್ಚುಕಡಿಮೆ ಎಲ್ಲರದ್ದೂ ಒಂದೇ. ಮೊದಲ ಹಾಳೆಯಲ್ಲಿ ಮುಳ್ಳುಮುಳ್ಳಿನ ಹಸಿರು ಚೆಂಡು ಬರುತ್ತದೆ. ಎರಡನೆಯದರಲ್ಲಿ ಮಾಸ್ಕ್ ಹಾಕಿದ ಭೂಗೋಳ. ಮೂರನೆಯದಕ್ಕೆ ಏನು ಬಿಡಿಸುವುದು ಅಂತ ತೋಚುವುದಿಲ್ಲ. ಹತ್ತು ಪುಟ ಮುಗಿಸಿದವರೂ ಇದ್ದಾರೆ. ಅವರ ಪುಸ್ತಕಕ್ಕೆ ಮೊದಲ ಮಳೆಗಾಲದಲ್ಲೇ ಬೂಷ್ಟು ಹಿಡಿದು ಪುಟಗಳು ಒಂದಕ್ಕೊಂದು ಅಂಟಿಕೊಂಡವು.

ಕೆಲಸದ ಕ್ರಮ ತಪ್ಪಿದರೆ ಈ ಎರಡೂ ಆಗುತ್ತದೆ. ಹಾಗಾಗಿ ಇಲ್ಲಿ ಕ್ರಮವನ್ನೇ ಹೇಳುತ್ತೇನೆ.

ನಾವು ಮಾಡುವುದು ಹಳೆ ಕಾಲದ ಕಡತದ ಹಾಗೆ ಹಿಂದೆ ಮುಂದೆ ಮಡಿಚುವ ಪುಸ್ತಕ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲ ಪುಡಿ ಬಳಿದು, ಮಡಿಚಿ, ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರಲ್ಲ, ಆ ಆಕಾರ. ನಮ್ಮದು ಕಾಗದದ್ದು. ಬಿಚ್ಚಿದರೆ ದಿನಗಳು ಸಾಲಾಗಿ ಕಾಣುತ್ತವೆ, ಮಡಿಚಿದರೆ ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕಟ್ಟು. ಹೊಲಿಗೆ ಬೇಡ. ನಾಲ್ಕೈದು ವಾರದ ರಜಾದಿನಗಳು ಸಾಕು.

ಬೇಕಾಗುವ ಸಾಮಾನು

200 ಜಿಎಸ್‌ಎಂ (ಚದರ ಮೀಟರಿಗೆ 200 ಗ್ರಾಂ ತೂಕ) ಆಸುಪಾಸಿನ ಡ್ರಾಯಿಂಗ್ ಶೀಟ್, 56 ಸೆಂ.ಮೀ. x 76 ಸೆಂ.ಮೀ. ಅಳತೆಯದು, ಎರಡು. ಒಂದು ಹಾಳಾದರೆ ಇನ್ನೊಂದು ಇರಲಿ. ಸ್ಟೀಲ್ ಸ್ಕೇಲ್, ಪೇಪರ್ ಕಟರ್, ಎಚ್‌ಬಿ ಪೆನ್ಸಿಲ್, ನೀರು ತಾಗಿದರೆ ಹರಡದ ಕಪ್ಪು ಪೆನ್ನು, ಜಲವರ್ಣದ ಎರಡು ಬಣ್ಣ, ಒಂದು ದೊಡ್ಡ ಕುಂಚ, ಒಂದು ಸಣ್ಣದು. 2 ಮಿ.ಮೀ. ದಪ್ಪದ ರಟ್ಟು. ಮೈದಾ, ಫೆವಿಕಾಲ್, ಬಟರ್ ಪೇಪರ್. ಶಾಯಿ ಮುಗಿದ ಒಂದು ಬಾಲ್‌ಪೆನ್, ಒಂದು ಸ್ಟೀಲ್ ಚಮಚ. ಇವೆರಡು ಮಡಿಕೆ ಹಾಕಲಿಕ್ಕೆ. ಹೊದಿಕೆಗೆ ಹತ್ತಿ ಬಟ್ಟೆ ಬೇಕು. 2020ರಲ್ಲಿ ಹಳೆ ಸೀರೆ ಹರಿದು ಮನೆಯಲ್ಲೇ ಮಾಸ್ಕ್ ಹೊಲಿದಿದ್ದರೆ, ಆ ಸೀರೆಯ ಉಳಿದ ತುಂಡು ಎಲ್ಲಾದರೂ ಇದೆಯಾ ನೋಡಿ. ಅದಕ್ಕಿಂತ ಒಳ್ಳೆಯ ಹೊದಿಕೆ ಅಂಗಡಿಯಲ್ಲಿ ಸಿಗುವುದಿಲ್ಲ.

ಹಂತ 1: ಮೊದಲು ಹುಡುಕಿ, ಪೆನ್ಸಿಲ್ ಆಮೇಲೆ

ನೆನಪು ಈಗಾಗಲೇ ಮಸುಕಾಗಿದೆ. ಮೊದಲ ವಾರ ಪೂರ್ತಿ ವಸ್ತುಗಳನ್ನು ಹುಡುಕಲು ಕೊಡಿ. ಔಷಧಿ ಅಂಗಡಿಯ ಚೀಟಿ, ಓಡಾಟದ ಪಾಸು, ಆ ವರ್ಷದ ಗೋಡೆ ಕ್ಯಾಲೆಂಡರ್, ಹಾಲಿನ ಲೆಕ್ಕ, ಮಕ್ಕಳ ಆನ್‌ಲೈನ್ ಕ್ಲಾಸಿನ ನೋಟ್ ಪುಸ್ತಕ. ಗೋಡೆ ಕ್ಯಾಲೆಂಡರಿನ ಚೌಕಗಳಲ್ಲಿ ಅಮ್ಮಂದಿರು ಗ್ಯಾಸ್ ಬಂದ ದಿನ, ಹಾಲು ಬಾರದ ದಿನ ಗುರುತು ಹಾಕಿರುತ್ತಾರೆ. ಅದು ನಿಮ್ಮ ಅತ್ಯುತ್ತಮ ಆಧಾರ.

ಇಲ್ಲಿ ಆಗುವ ತಪ್ಪುಗಳು ಮೂರು. ಒಂದು, ಬಿಲ್ ಯಂತ್ರದಿಂದ ಬಂದ ನುಣುಪು ಚೀಟಿಗಳನ್ನು ಹಾಗೇ ಅಂಟಿಸುವುದು. ಅವುಗಳ ಅಕ್ಷರ ತಾನೇ ಮಾಸಿಹೋಗುತ್ತದೆ. ಲ್ಯಾಮಿನೇಟ್ ಮಾಡಿಸಿದರೆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಇವತ್ತೇ ಜೆರಾಕ್ಸ್ ಮಾಡಿಸಿ, ಜೆರಾಕ್ಸನ್ನು ಬಳಸಿ. ಎರಡು, ವಾಟ್ಸ್ಯಾಪಿನಲ್ಲಿ ಬಂದ ಫೋಟೋದ ದಿನಾಂಕವನ್ನು ನಂಬುವುದು. ಅದು ಫೋಟೋ ತೆಗೆದ ದಿನ ಆಗಿರಬೇಕೆಂದಿಲ್ಲ, ನಿಮಗೆ ಬಂದ ದಿನ ಆಗಿರಬಹುದು. ತೆಗೆದವರ ಫೋನಿನಲ್ಲಿ ನೋಡಿ. ಮೂರು, ಲಸಿಕೆ ಸರ್ಟಿಫಿಕೇಟು, ಪರೀಕ್ಷೆಯ ವರದಿಗಳನ್ನು ನಂಬರ್ ಸಮೇತ ಅಂಟಿಸುವುದು. ನಾಳೆ ಈ ಪುಸ್ತಕ ಹತ್ತು ಜನರ ಕೈಗೆ ಹೋಗುತ್ತದೆ, ಅಲ್ವಾ? ಆಧಾರ್, ಫೋನ್ ನಂಬರ್ ಇರುವ ಭಾಗ ಕತ್ತರಿಸಿ ತೆಗೆಯಿರಿ.

ಹಂತ 2: ಒಂದು ಜಾಗ, ಒಂದು ತಿಂಗಳು

ಹೆಚ್ಚಿನವರು ಸೋಲುವುದು ಈ ಹಂತದಲ್ಲಿ. "ಕೊರೊನಾ" ಅನ್ನುವುದು ಹನ್ನೆರಡು ಪುಟದ ವಿಷಯ ಅಲ್ಲ. ನಿಮ್ಮ ಮನೆಯ ಜಗಲಿ, 2020ರ ಏಪ್ರಿಲ್: ಇದು ಹನ್ನೆರಡು ಪುಟಕ್ಕೆ ಸರಿಯಾದ ವಿಷಯ.

ಒಂದು ಜಾಗ ಆರಿಸಿ. ಮನೆಯ ಗೇಟು, ಅಡುಗೆಮನೆ ಕಿಟಕಿ, ರೇಷನ್ ಅಂಗಡಿಯ ಎದುರು, ರೇಂಜ್ ಸಿಗುತ್ತದೆ ಅಂತ ಮಕ್ಕಳು ಹತ್ತಿ ಕೂರುತ್ತಿದ್ದ ಗುಡ್ಡ. ಆಮೇಲೆ ಒಂದು ತಿಂಗಳು ಆರಿಸಿ. ಅದಕ್ಕಿಂತ ಜಾಸ್ತಿ ಬೇಡ.

ತಿಂಗಳು ಆರಿಸುವಾಗ 2020 ಮತ್ತು 2021 ಬೆರೆಯದ ಹಾಗೆ ನೋಡಿಕೊಳ್ಳಿ. ನಮ್ಮ ನೆನಪಿನಲ್ಲಿ ಎರಡೂ ಬೇಸಿಗೆ ಒಂದೇ ಮುದ್ದೆ ಆಗಿಬಿಟ್ಟಿದೆ. ಮಾರ್ಚ್ 22ರ ಭಾನುವಾರ ಸಂಜೆ ಐದಕ್ಕೆ ಚಪ್ಪಾಳೆ, ಜಾಗಟೆ, 25ರಿಂದ ಲಾಕ್‌ಡೌನ್, ಅದು ಏಪ್ರಿಲ್ 14ಕ್ಕೆ ಮುಗಿಯುತ್ತದೆ ಅಂತ ಕಾದದ್ದು, ಬಿಸು ಹಬ್ಬದ ಅದೇ ಬೆಳಿಗ್ಗೆ ಮೇ 3ರವರೆಗೆ ಮುಂದುವರಿಯುತ್ತದೆ ಅಂತ ಟಿವಿಯಲ್ಲಿ ಕೇಳಿದ್ದು. ಇದೆಲ್ಲ 2020. ಮಂಗಳೂರಿನ ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರ ಬೈಕಂಪಾಡಿಯ ಎಪಿಎಂಸಿ ಯಾರ್ಡಿಗೆ ಹೋದದ್ದು, ಕೇರಳದ ಕಡೆಯ ತಲಪಾಡಿ ಗಡಿ ಮುಚ್ಚಿ ಒಳದಾರಿಗಳಿಗೆ ಮಣ್ಣು ಸುರಿದದ್ದು, ಮುಂಬೈಯಿಂದ ಬಂದ ಊರಿನವರು ಶಾಲೆ, ಹಾಸ್ಟೆಲ್‌ಗಳಲ್ಲಿ ದಿನ ಎಣಿಸಿದ್ದು ಕೂಡ ಆ ವರ್ಷದ್ದೇ. ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ. ಆಕ್ಸಿಜನ್ ಸಿಲಿಂಡರಿಗೆ ಪರದಾಡಿದ್ದು, ಬೆಳಿಗ್ಗೆ 6ರಿಂದ 10ರ ಒಳಗೆ ಓಡಿ ಸಾಮಾನು ತಂದದ್ದು 2021ರ ಏಪ್ರಿಲ್ ಕೊನೆಯ ನಂತರದ ಮಾತು. ನಿಮ್ಮ 2020ರ ಏಪ್ರಿಲ್ ಪುಟದಲ್ಲಿ ಲಸಿಕೆಯ ಸೂಜಿ ಕಂಡರೆ, ನೆನಪಿನ ಬದಲು ಪೋಸ್ಟರ್ ಬಿಡಿಸುತ್ತಿದ್ದೀರಿ ಅಂತಲೇ ಅರ್ಥ.

ಇನ್ನೊಂದು ಮಾತು. ಆ ದಿನಗಳಲ್ಲಿ ಮನೆಯವರನ್ನು ಕಳಕೊಂಡವರು ಇದನ್ನು ಓದುತ್ತಿರಬಹುದು. ಮೊದಲ ಕಡತಕ್ಕೆ ಆ ತಿಂಗಳನ್ನು ಆರಿಸಬೇಡಿ. ಅದರ ಹಿಂದಿನ ತಿಂಗಳು ಆರಿಸಿ, ಅವರು ಇದ್ದ ತಿಂಗಳು. ಕೈ ಪಳಗಿದ ಮೇಲೆ ಮುಂದಿನದ್ದು ತನ್ನ ಹೊತ್ತಿಗೆ ಬರುತ್ತದೆ. ಕೂತಾಗಲೆಲ್ಲ ನಿದ್ದೆ ಕೆಡುತ್ತಿದ್ದರೆ ನಿಲ್ಲಿಸಿ, ಹತ್ತಿರದವರ ಹತ್ತಿರ ಮಾತಾಡಿ.

ಹಂತ 3: ಕಂಡದ್ದರ ಪಟ್ಟಿ

ಈಗ ಒಂದು ಹಾಳೆಯಲ್ಲಿ ಮೂವತ್ತು ಸಾಲು ಬರೆಯಿರಿ. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ. "ಭಯ", "ಒಂಟಿತನ", "ಭರವಸೆ" ಅಂತ ಬರೆದರೆ ಆ ಸಾಲನ್ನು ಹೊಡೆದುಹಾಕಿ. ಆ ಭಯ ಯಾವ ವಸ್ತುವಿನ ಮೇಲೆ ಕೂತಿತ್ತು ಅಂತ ಕೇಳಿಕೊಳ್ಳಿ. ಗೇಟಿನ ಚಿಲಕದ ಮೇಲಾ? ಹೊರಗಿನಿಂದ ತಂದ ಸಾಮಾನನ್ನು ಒಂದು ದಿನ ಜಗಲಿಯಲ್ಲೇ ಇಡುತ್ತಿದ್ದಿರಲ್ಲ, ಆ ಚೀಲದ ಮೇಲಾ?

ನಮ್ಮಲ್ಲಿ ಬರುವ ಒಬ್ಬ ಅಕ್ಕ ಮೊದಲ ದಿನ "ಬಡತನ" ಅಂತ ಬರೆದಿದ್ದರು. ಅವರ ಮನೆಯಲ್ಲಿ ಬೀಡಿ ಕಟ್ಟುತ್ತಾರೆ. ಲಾಕ್‌ಡೌನ್ ಶುರುವಾದಾಗ ಬೀಡಿ ಕಂಪೆನಿಯ ಬ್ರಾಂಚ್ ಮುಚ್ಚಿತು, ಎಲೆ ಹೊಗೆಸೊಪ್ಪು ಬರುವುದು ನಿಂತಿತು. ಏನು ಕಂಡಿತು ಅಂತ ಮತ್ತೆ ಮತ್ತೆ ಕೇಳಿದ ಮೇಲೆ ಹೇಳಿದರು: ಗೋಡೆಗೆ ಒರಗಿಸಿಟ್ಟ ಖಾಲಿ ತಡ್ಪೆ (ಮೊರ), ಅದರ ಹಿಂದೆ ಕತ್ತರಿ. ಅಮ್ಮ ದಿನಾ ಬೆಳಿಗ್ಗೆ ಅದನ್ನು ತೆಗೆದು, ಧೂಳು ಒರೆಸಿ, ಅಲ್ಲೇ ಇಡುತ್ತಿದ್ದರಂತೆ. ಅದೇ ಅವರ ನಾಲ್ಕು ಪುಟ ಆಯಿತು. ಒಂದೇ ತಡ್ಪೆ, ನಾಲ್ಕು ಬೆಳಿಗ್ಗೆ. ನಾನು ನೋಡಿದ ಎಲ್ಲ ಕಡತಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಅದೇ.

ಪಟ್ಟಿ ಸೊರಗಿದರೆ ನಮ್ಮ ಕರಾವಳಿಯ ಆ ಬೇಸಿಗೆಯನ್ನು ನೆನಪಿಸಿಕೊಳ್ಳಿ. ಸೆಖೆ. ಹಲಸು ಬಿದ್ದು ಕೊಳೆಯುವ ಮೊದಲೇ ಕೊಯ್ದು, ಮನೆಮಂದಿಯೆಲ್ಲ ಸೇರಿ ಮಾಡಿದ ಹಪ್ಪಳ, ಅಂಗಳದ ಚಾಪೆ ತುಂಬ. ನ್ಯಾಯಬೆಲೆ ಅಂಗಡಿಯೆದುರು ಸುಣ್ಣದಲ್ಲಿ ಹಾಕಿದ ವೃತ್ತಗಳು. ವೃತ್ತದಲ್ಲಿ ಜನರ ಬದಲು ಚೀಲ, ಚಪ್ಪಲಿ. ಜನ ಮರದ ನೆರಳಲ್ಲಿ. ನಿಂತಲ್ಲೇ ನಿಂತ ಖಾಸಗಿ ಬಸ್ಸಿನ ಚಕ್ರಕ್ಕೆ ಹಬ್ಬಿದ ಬಳ್ಳಿ. ಮಲ್ಪೆ ಬಂದರಿನ ದಕ್ಕೆಯಲ್ಲಿ ಒತ್ತೊತ್ತಾಗಿ ಕಟ್ಟಿದ ಬೋಟುಗಳು. ಮೇ ಕೊನೆಗೆ, ತಿರುಗಾಟ ಮುಗಿಯುವ ಪತ್ತನಾಜೆಯ ದಿನ ಬಿಚ್ಚಬೇಕಾದ ಗೆಜ್ಜೆಯನ್ನು ಮಾರ್ಚಿನಲ್ಲೇ ಬಿಚ್ಚಿಟ್ಟ ಯಕ್ಷಗಾನ ಕಲಾವಿದ, ಮುಚ್ಚಿದ ಬಣ್ಣದ ಪೆಟ್ಟಿಗೆ. ಅಂಗೈ ಹಿಂಬದಿಗೆ ಹಾಕಿದ ಕ್ವಾರಂಟೈನ್ ಮುದ್ರೆ ದಿನ ದಿನಕ್ಕೆ ಮಾಸಿದ್ದು. ಅಪ್ಪನ ತಲೆಗೂದಲನ್ನು ಮಗ ಕತ್ತರಿಸಿದ್ದು. ಇವು ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಬಿಡಿಸಬೇಡಿ. ನಿಮ್ಮ ಮನೆಯದ್ದನ್ನು ಹುಡುಕಲು ಇವು ಒಂದು ದಾರಿ, ಅಷ್ಟೇ.

ಮೂವತ್ತರಲ್ಲಿ ಹತ್ತು ಉಳಿಸಿ. ಬೇರೆ ಯಾರೂ ಬರೆಯಲಾರದ ಸಾಲುಗಳನ್ನು ಮಾತ್ರ. ಹಾಗೆ ಉಳಿಸುವಾಗ ಬೇರೆಯವರ ಸಂಕಟ ಇರುವ ಸಾಲು ಇದ್ದರೆ, ಬಿಡಿಸುವ ಮೊದಲೇ ಅವರನ್ನು ಕೇಳಿ. ಮುಗಿದ ಮೇಲೆ ಕೇಳಿದರೆ ಬೇಡ ಅನ್ನಲು ಅವರಿಗೆ ಕಷ್ಟವಾಗುತ್ತದೆ.

ಹಂತ 4: ಸಣ್ಣ ಮಾದರಿ

ಸಾಮಾನ್ಯ ಬಿಳಿ ಹಾಳೆಯ ಉದ್ದ ಪಟ್ಟಿ ಮಾಡಿ, ಹನ್ನೆರಡು ಪುಟ ಬರುವ ಹಾಗೆ ಮಡಿಚಿ. ಒಂದನೇ ಪುಟ ಹೆಸರಿಗೆ, ಹನ್ನೆರಡನೆಯದು ತಾರೀಕು, ಊರು, ಬಿಡಿಸಿದವರ ಹೆಸರಿಗೆ. ನಡುವೆ ಹತ್ತು ಚಿತ್ರ. ಪ್ರತಿ ಚಿತ್ರಕ್ಕೂ ಒಂದೊಂದು ನಿಮಿಷ ಸಾಕು, ಕಡ್ಡಿಯ ಹಾಗೆ ಗೀಚಿ.

ಪೂರ್ತಿ ಬಿಚ್ಚಿ ನೆಲದ ಮೇಲಿಟ್ಟು, ನಿಂತು ನೋಡಿ. ಎಲ್ಲ ಚಿತ್ರದಲ್ಲೂ ವಸ್ತು ನಡುವಿನಲ್ಲೇ, ಒಂದೇ ಗಾತ್ರದಲ್ಲಿ ಇದೆಯಾ? ಹಾಗಿದ್ದರೆ ಅದು ಎಚ್ಚರಿಕೆಯ ಗುರುತು. ಒಂದು ಕಡೆ ತೀರಾ ಹತ್ತಿರ ಹೋಗಿ, ಚಿಲಕ ಮಾತ್ರ ಪುಟ ತುಂಬ ಬರಲಿ. ಇನ್ನೊಂದು ಕಡೆ ತೀರಾ ದೂರ ಹೋಗಿ, ಖಾಲಿ ರಸ್ತೆ, ತುದಿಯಲ್ಲಿ ಒಂದು ನಾಯಿ. ಒಂದು ಪುಟ ಪೂರ್ತಿ ಖಾಲಿ ಬಿಡುವ ಧೈರ್ಯ ಮಾಡಿ. ಆ ದಿನಗಳಲ್ಲಿ ಏನೂ ಆಗದ ಮಧ್ಯಾಹ್ನಗಳೇ ಜಾಸ್ತಿ ಇದ್ದವು.

ಈ ಮಾದರಿ ಬಿಟ್ಟು ನೇರ ಒಳ್ಳೆ ಕಾಗದಕ್ಕೆ ಹೋದವರಲ್ಲಿ ಕಡತ ಮುಗಿಸಿದವರು ನಮ್ಮ ಚಾವಡಿಯಲ್ಲಿ ಒಬ್ಬರೂ ಇಲ್ಲ.

ಹಂತ 5: ಕತ್ತರಿಸಿ, ಮಡಿಚಿ

ಕಾಗದಕ್ಕೂ ಮರದ ಹಾಗೆ ಎಳೆ ಇರುತ್ತದೆ. ಶೀಟನ್ನು ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ ಮೆಲ್ಲ ಬಾಗಿಸಿ. ಯಾವ ಕಡೆ ಸುಲಭವಾಗಿ ಬಾಗುತ್ತದೋ ಆ ಕಡೆಗೇ ಮಡಿಕೆಯ ಗೆರೆ ಬರಬೇಕು. ಉಲ್ಟಾ ಮಾಡಿದರೆ ಮಡಿಕೆಯಲ್ಲಿ ಕಾಗದ ಬಿರಿಯುತ್ತದೆ, ಪುಸ್ತಕ ಮುಚ್ಚಿದರೂ ಬಾಯಿ ತೆರೆದೇ ಇರುತ್ತದೆ.

ಮಡಿಕೆಯ ಗೆರೆ 56 ಸೆಂ.ಮೀ. ಬದಿಗೆ ಸಮಾನಾಂತರವಾಗಿ ಬರುವುದಾದರೆ, 76 ಸೆಂ.ಮೀ. ಉದ್ದದ, 18 ಸೆಂ.ಮೀ. ಎತ್ತರದ ಮೂರು ಪಟ್ಟಿ ಕತ್ತರಿಸಿ. ಒಂದೊಂದರಲ್ಲಿ 12 ಸೆಂ.ಮೀ. ಅಗಲದ ಆರು ಪುಟ, ಅಂದರೆ 72 ಸೆಂ.ಮೀ. ಮಿಕ್ಕಿದ್ದರಲ್ಲಿ ಒಂದೂವರೆ ಸೆಂ.ಮೀ. ಅಂಟಿಸುವ ತುದಿಗೆ ಇಟ್ಟು ಉಳಿದದ್ದು ಕತ್ತರಿಸಿ. ಎರಡು ಪಟ್ಟಿ ಸೇರಿದರೆ ಹನ್ನೆರಡು ಪುಟ. ಮೂರನೆಯ ಪಟ್ಟಿ ಬಣ್ಣ ಪರೀಕ್ಷೆಗೆ. ಎಳೆ ಇನ್ನೊಂದು ಕಡೆಗಿದ್ದರೆ 56 ಸೆಂ.ಮೀ. ಉದ್ದದ ನಾಲ್ಕು ಪಟ್ಟಿ ಬರುತ್ತದೆ. ಒಂದರಲ್ಲಿ ನಾಲ್ಕು ಪುಟ, ಮೂರು ಪಟ್ಟಿ ಸೇರಿಸಿ. ಯಾವುದೇ ಲೆಕ್ಕ ಹಿಡಿದರೂ ಒಟ್ಟು ಪುಟ ಸಮಸಂಖ್ಯೆ ಇರಲಿ. ಹನ್ನೊಂದೋ ಹದಿಮೂರೋ ಆದರೆ ಎರಡೂ ರಟ್ಟು ಹೊರಗೆ ಬರುವುದಿಲ್ಲ.

ಸ್ಕೇಲ್ ಇಟ್ಟು ಶಾಯಿಯಿಲ್ಲದ ಬಾಲ್‌ಪೆನ್ನಿನಲ್ಲಿ ಮಡಿಕೆಯ ಗೆರೆ ಒತ್ತಿ. ಮಡಿಚಿ, ಚಮಚದ ಬೆನ್ನಿನಿಂದ ಉಜ್ಜಿ. ಪ್ರತಿ ಪುಟವನ್ನೂ ತುದಿಯಿಂದಲೇ ಅಳೆಯಿರಿ. ಹಿಂದಿನ ಮಡಿಕೆಯಿಂದ ಅಳೆಯುತ್ತ ಹೋದರೆ ಸಣ್ಣ ಸಣ್ಣ ತಪ್ಪು ಸೇರಿ ಕೊನೆಯ ಪುಟ ಓರೆಯಾಗುತ್ತದೆ. ಪಟ್ಟಿಗಳನ್ನು ಈಗಲೇ ಅಂಟಿಸಬೇಡಿ. ಒಂದು ಪಟ್ಟಿ ಹಾಳಾದರೆ ಅದೊಂದನ್ನೇ ಬದಲಿಸಬಹುದು.

ಹಂತ 6: ಗೆರೆ

ಪೆನ್ಸಿಲಿನಲ್ಲಿ ತೆಳ್ಳಗೆ ಬಿಡಿಸಿ, ಪೆನ್ನಿನಲ್ಲಿ ತಿದ್ದಿ. ಪೆನ್ನನ್ನು ಮೊದಲು ಮಿಕ್ಕ ಪಟ್ಟಿಯಲ್ಲಿ ಪರೀಕ್ಷಿಸಿ: ಗೆರೆ ಎಳೆದು ಹತ್ತು ನಿಮಿಷ ಬಿಟ್ಟು ಒದ್ದೆ ಕುಂಚ ಆಡಿಸಿ. ಹೆಚ್ಚಿನ ಜೆಲ್ ಪೆನ್ನುಗಳು ಇಲ್ಲೇ ಕೈಕೊಡುತ್ತವೆ. ಮಳೆಗಾಲದಲ್ಲಿ ಹತ್ತು ನಿಮಿಷ ಸಾಲದು, ಒಂದು ಗಂಟೆ ಬಿಡಿ.

ಫೋಟೋವನ್ನು ಹಾಗೇ ನಕಲು ಮಾಡಬೇಡಿ. ಫೋಟೋ ಎರಡು ನಿಮಿಷ ನೋಡಿ, ಮುಚ್ಚಿಟ್ಟು ಬಿಡಿಸಿ, ಕೊನೆಗೆ ತಪ್ಪು ತಿದ್ದಲು ಮಾತ್ರ ತೆರೆಯಿರಿ. ನೀವು ಮರೆತದ್ದು ಬಿಟ್ಟುಹೋಗಲಿ. ಮುಖ ಬಿಡಿಸಲು ಬರುವುದಿಲ್ಲ ಅಂತ ನಿಲ್ಲುವವರಿಗೆ: ಕೈ ಬಿಡಿಸಿ, ಬೆನ್ನು ಬಿಡಿಸಿ, ಬಾಗಿಲಲ್ಲಿ ಬಿಟ್ಟ ಚಪ್ಪಲಿ ಬಿಡಿಸಿ. ಆ ದಿನಗಳಲ್ಲಿ ನಾವು ಮುಖ ನೋಡಿದ್ದೇ ಕಡಿಮೆ.

ಹಂತ 7: ಬಣ್ಣ

ಎರಡೇ ಬಣ್ಣ. ನಮ್ಮ ಕರಾವಳಿಯ ಹಳೆ ದೇವಸ್ಥಾನಗಳ ಕಾವಿ ಕಲೆಯಲ್ಲಿ ಸುಣ್ಣದ ಬಿಳಿ, ಕಾವಿಯ ಕೆಂಪು ಎರಡರಲ್ಲೇ ಎಲ್ಲವೂ ಬರುತ್ತದೆ. ಮುರಕಲ್ಲಿನ ಕೆಂಪು ಮತ್ತು ಒಂದು ಬೂದು ನೀಲಿ ನನ್ನ ಆಯ್ಕೆ. ನಿಮ್ಮದು ಬೇರೆ ಇರಲಿ, ಎರಡು ದಾಟಬೇಡಿ.

ಪೋಸ್ಟರ್ ಕಲರ್ ದಪ್ಪಗೆ ಹಾಕಿದರೆ ಮಡಿಕೆಯಲ್ಲಿ ಒಡೆದು ಉದುರುತ್ತದೆ. ಅಕ್ರಿಲಿಕ್ ಹಾಕಿದರೆ ಎದುರು ಬದುರು ಪುಟಗಳು ನಮ್ಮ ಹವೆಗೆ ಅಂಟಿಕೊಳ್ಳುತ್ತವೆ. ತೆಳು ಜಲವರ್ಣವೇ ಸರಿ. ಮಡಿಕೆಯ ಗೆರೆಯ ಮೇಲೆ ನೀರು ನಿಲ್ಲಲು ಬಿಡಬೇಡಿ. ಫ್ಯಾನಿನ ಗಾಳಿಯಲ್ಲಿ ಬಿಚ್ಚಿಟ್ಟು ಒಣಗಿಸಿ, ಬಿಸಿಲಿಗಿಡಬೇಡಿ, ಸುರುಳಿ ಸುತ್ತುತ್ತದೆ. ಬಣ್ಣದ ಡಬ್ಬಿಯೂ ಒಣಗಿದ ಮೇಲೆಯೇ ಮುಚ್ಚಬೇಕು, ಇಲ್ಲದಿದ್ದರೆ ಬೂಷ್ಟು ಅಲ್ಲಿಂದಲೇ ಶುರು.

ಹಂತ 8: ಮಾತು

ಪುಟಕ್ಕೆ ಹತ್ತು ಪದ ಮೀರದಿರಲಿ. ಕೆಲವು ಪುಟಕ್ಕೆ ಮಾತೇ ಬೇಡ. ಚಿತ್ರದಲ್ಲಿ ಇರುವುದನ್ನು ಮತ್ತೆ ಬರೆಯುವುದು ಇಲ್ಲಿನ ದೊಡ್ಡ ತಪ್ಪು. ಮುಚ್ಚಿದ ಗೇಟಿನ ಕೆಳಗೆ "ಎಲ್ಲವೂ ಮುಚ್ಚಿತ್ತು" ಅಂತ ಯಾಕೆ?

ಆ ದಿನ ಯಾರೋ ಆಡಿದ ಮಾತನ್ನು ಆಡಿದ ಭಾಷೆಯಲ್ಲೇ ಬರೆಯಿರಿ. ತುಳುವೋ, ಕೊಂಕಣಿಯೋ, ಬ್ಯಾರಿಯೋ, ಕುಂದಾಪ್ರ ಕನ್ನಡವೋ. ಮುಂಬೈಯಲ್ಲಿ ಸಿಕ್ಕಿಕೊಂಡಿದ್ದ ನನ್ನ ಅಣ್ಣ ದಿನಾ ರಾತ್ರಿ ಫೋನಿನಲ್ಲಿ ಅಮ್ಮನಿಗೆ ಕೇಳುತ್ತಿದ್ದದ್ದು ಒಂದೇ ಮಾತು: "ಒಣಸ್ ಆಂಡಾ?" ಊಟ ಆಯಿತಾ ಅಂತ. ಅವನ ಊಟ ಆಗಿದೆಯೋ ಇಲ್ಲವೋ ಅವನು ಹೇಳುತ್ತಿರಲಿಲ್ಲ. ಫೋನಿನ ಚಿತ್ರದ ಕೆಳಗೆ ಆ ಎರಡು ಪದ ಬಿಟ್ಟು ನಾನು ಬೇರೇನೂ ಬರೆದಿಲ್ಲ.

ಹಂತ 9: ಅಂಟು ಮತ್ತು ರಟ್ಟು

ಸಾಧ್ಯವಾದರೆ ಈ ಹಂತವನ್ನು ಡಿಸೆಂಬರಿನಿಂದ ಮಾರ್ಚಿನ ಒಳಗೆ ಮಾಡಿ. ನನ್ನ ಮೊದಲ ಕಡತವನ್ನು ಜುಲೈಯಲ್ಲಿ ಅಂಟಿಸಿದ್ದೆ. ಅಂಟು ಒಳಗೆ ಒಣಗಲೇ ಇಲ್ಲ, ಹದಿನೈದು ದಿನದಲ್ಲಿ ರಟ್ಟಿನ ಮೂಲೆಗಳಲ್ಲಿ ಕಪ್ಪು ಚುಕ್ಕೆ ಬಂತು. ಕೊನೆಯ ಎರಡು ಪುಟ ಹೋಯಿತು.

ಪಟ್ಟಿಗಳನ್ನು ಜೋಡಿಸಲು ನೀರು ಬೆರೆಸಿದ ಫೆವಿಕಾಲ್ ತೆಳ್ಳಗೆ ಹಚ್ಚಿ. ಮೊದಲ ಪಟ್ಟಿಯ ಒಂದೂವರೆ ಸೆಂ.ಮೀ. ತುದಿ ಎರಡನೆಯದರ ಬೆನ್ನಿಗೆ ಹೋಗಬೇಕು.

ಹೊದಿಕೆಗೆ ಮೈದಾ ಅಂಟು. ಎರಡು ಚಮಚ ಮೈದಾ, ಹತ್ತು ಚಮಚ ನೀರು, ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ತಿರುವುತ್ತ ಗಾಜಿನಂತೆ ಹೊಳೆಯುವವರೆಗೆ ಕಾಯಿಸಿ, ತಣಿಸಿ. ಹುಳ, ಬೂಷ್ಟು ಬಾರದಿರಲು ಬೈಂಡಿಂಗಿನವರು ಇದಕ್ಕೆ ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕುತ್ತಾರೆ. ಅಡಿಕೆಗೆ ಬೋರ್ಡೋ ಮದ್ದು ಹೊಡೆಯುವವರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಒಂದು ಚಿಟಿಕೆ ಸಾಕು. ಆದರೆ ಅದು ವಿಷ. ಅಡುಗೆ ಪಾತ್ರೆಗೆ ತಾಗಿಸಬೇಡಿ. ಪ್ಲಾಸ್ಟಿಕ್ ಲೋಟದಲ್ಲಿ ಕರಗಿಸಿ, ತಣಿದ ಅಂಟಿಗೆ ಬೇರೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೇರಿಸಿ, ಮೇಲೆ ದೊಡ್ಡದಾಗಿ ಬರೆದಿಡಿ. ಮಕ್ಕಳು ಜೊತೆಗೆ ಕೂರುವುದಾದರೆ ಮೈಲುತುತ್ತ ಬೇಡವೇ ಬೇಡ. ಬರಿಯ ಅಂಟು ಮಾಡಿ ಅದೇ ದಿನ ಮುಗಿಸಿ.

ರಟ್ಟು ಎರಡು, 12.4 x 18.4 ಸೆಂ.ಮೀ. ಬಟ್ಟೆ ನಾಲ್ಕೂ ಬದಿಗೆ ಎರಡು ಸೆಂ.ಮೀ. ಜಾಸ್ತಿ ಇರಲಿ. ಅಂಟನ್ನು ರಟ್ಟಿಗೆ ಹಚ್ಚಿ, ಬಟ್ಟೆಗಲ್ಲ. ಬಟ್ಟೆಗೆ ಹಚ್ಚಿದರೆ ಮೇಲೆ ಕಲೆ ಮೂಡುತ್ತದೆ. ಮೂಲೆ ಕತ್ತರಿಸಿ, ಅಂಚು ಒಳಗೆ ಮಡಿಚಿ. ಮೊದಲ ಪುಟದ ಬೆನ್ನು ಒಂದು ರಟ್ಟಿಗೆ, ಹನ್ನೆರಡನೆಯದರ ಬೆನ್ನು ಇನ್ನೊಂದಕ್ಕೆ. ಪುಟಗಳ ನಡುವೆ ಬಟರ್ ಪೇಪರ್ ಇಟ್ಟು, ಮೇಲೆ ಕೂರುವ ಮಣೆ, ಅದರ ಮೇಲೆ ಅಕ್ಕಿಚೀಲ. ಎರಡು ದಿನ ಮುಟ್ಟಬೇಡಿ. ಮೂರನೆಯ ದಿನ ರಟ್ಟಿನ ಒಳಬದಿಯನ್ನು ಕೆನ್ನೆಗೆ ತಾಗಿಸಿ ನೋಡಿ. ತಂಪು ಅನಿಸಿದರೆ ಇನ್ನೂ ಒದ್ದೆ ಇದೆ. ಮತ್ತೆ ಮಣೆಯ ಕೆಳಗೆ.

ಹಂತ 10: ತೋರಿಸುವುದು, ಇಡುವುದು

ಚಿತ್ರದಲ್ಲಿ ಇರುವವರಿಗೆ ಮೊದಲು ತೋರಿಸಿ. ಅವರು ಒಂದು ಪುಟ ಬೇಡ ಅಂದರೆ ಆ ಪುಟದ ಮೇಲೆ ಖಾಲಿ ಕಾಗದ ಅಂಟಿಸಿ, ವಾದ ಮಾಡಬೇಡಿ. ಇನ್ನೊಬ್ಬರ ಸಾವು, ಇನ್ನೊಬ್ಬರ ರೋಗ ಇರುವ ಪುಟವನ್ನು ಅವರ ಒಪ್ಪಿಗೆ ಇಲ್ಲದೆ ಫೋಟೋ ತೆಗೆದು ಹಂಚುವಂತಿಲ್ಲ.

ಮನೆಯಲ್ಲಿ ತೋರಿಸುವಾಗ ಉದ್ದ ಬೆಂಚಿನ ಮೇಲೆ ಪೂರ್ತಿ ಬಿಚ್ಚಿಡಿ, ಸುಮಾರು ಒಂದೂವರೆ ಮೀಟರ್ ಬರುತ್ತದೆ. ಪಕ್ಕದಲ್ಲಿ ಪೆನ್ಸಿಲ್, ಖಾಲಿ ಚೀಟಿ ಇಡಿ. ನೋಡಿದವರು "ಆ ದಿನ ನಮ್ಮಲ್ಲಿ..." ಅಂತ ಶುರು ಮಾಡುತ್ತಾರೆ. ಅದನ್ನು ಬರೆಸಿಕೊಳ್ಳಿ. ಎರಡನೆಯ ಕಡತಕ್ಕೆ ಬೇಕಾಗುತ್ತದೆ.

ಇಡುವಾಗ ಪ್ಲಾಸ್ಟಿಕ್ ಚೀಲ ಬೇಡ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್‌ನ ಒಂದು ಪೊಟ್ಟಣ ಜೊತೆಗಿಟ್ಟು, ಹೊರಗೋಡೆಗೆ ತಾಗದ ಕಪಾಟಿನಲ್ಲಿ ಎತ್ತರದಲ್ಲಿ ಇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿಂಗಳಿಗೊಮ್ಮೆ ಬಿಚ್ಚಿ, ಫ್ಯಾನಿನ ಕೆಳಗೆ ಅರ್ಧ ಗಂಟೆ ಇಟ್ಟು, ಒಣ ಬಟ್ಟೆಯಲ್ಲಿ ರಟ್ಟು ಒರೆಸಿ ಮತ್ತೆ ಮಡಿಚಿಡಿ.